ತಮ್ಮನ ಮೀನುಗಳು

ಬಿರುಗಾಳಿ ಹೋದ ಮೂರನೆಯ ದಿನ ಬೆಳಿಗ್ಗೆ ಪಕ್ಕದ ಮನೆಯ ದೋಣಿಯವನು ಬಂದು ಹೊಸ್ತಿಲಾಚೆಯೇ ನಿಂತ. ಬೇರೆ ದಿನವಾದರೆ ಹೇಳದೆ ಕೇಳದೆ ಒಳಗೆ ನುಗ್ಗುವವನು ಅವನು.

“ದೊಡ್ಡಣ್ಣಾ, ದೋಣಿ ಸಿಕ್ತು. ಬಂಡೆ ಮೇಲೆ ಮಗುಚಿ ಬಿದ್ದಿದೆ.”

“ತಮ್ಮ?”

“ಅಲ್ಲೇ... ಪಕ್ಕದಲ್ಲೇ ಇದ್ದ.”

ಮಧ್ಯಾಹ್ನದೊಳಗೆ ಮಣ್ಣು ಮಾಡಿ ಬಂದೆವು. ಮನೆ ಬಿಕೋ ಎನ್ನುತ್ತಿತ್ತು. ನಾನೂ ತಮ್ಮನೂ ಮದುವೆಯಾದವರಲ್ಲ, ಐವತ್ತೆಂಟು ವರ್ಷ ಒಂದೇ ಸೂರಿನಡಿ ಕಳೆದವರು.

ತಮ್ಮ ಹವಳದ ದಿಬ್ಬಗಳ ನಡುವೆ ಮುಳುಗಿ ಬಣ್ಣದ ಮೀನು ಹಿಡಿದು, ಮನೆಯಲ್ಲಿ ಸಾಕುವವರಿಗೆ ಮಾರುತ್ತಿದ್ದ. ನನಗದು ಹಿಡಿಸುತ್ತಿರಲಿಲ್ಲ.

“ಜೀವಗಳನ್ನ ಸೆರೆಯಲ್ಲಿಡ್ತೀಯಲ್ಲೋ, ಪಾಪ ಸುತ್ತಿಕೊಳ್ಳುತ್ತೆ.”

“ನೀನು ನಲವತ್ತು ವರ್ಷ ಬಲೆ ಹಾಕಿದೆಯಲ್ಲಣ್ಣ, ಆ ಮೀನೆಲ್ಲ ತೀರ್ಥಯಾತ್ರೆಗೆ ಹೋದ್ವಾ?”

ಹೀಗೆ ನಗುತ್ತಿದ್ದೆವು. ಬಿರುಗಾಳಿ ಬೀಸಿದ ದಿನ ಮಾತ್ರ ಸಿಟ್ಟಿನಲ್ಲಿ, “ಸಮುದ್ರವೇ ನಿನಗೆ ಬುದ್ಧಿ ಕಲಿಸುತ್ತೆ” ಎಂದುಬಿಟ್ಟೆ. ಅವನು ದೋಣಿ ಭದ್ರಪಡಿಸಲು ಹೊರಟ. ಮತ್ತೆ ಬರಲಿಲ್ಲ.

ಅವನ ಹಾದಿ ಕಾಯುತ್ತಾ ಮೂರು ದಿನ ಹೆಚ್ಚುಹೊತ್ತು ದಡದಲ್ಲೇ ಕಳೆದವನಿಗೆ, ಅವನು ಹಿಂದಿನ ಕೋಣೆಯಲ್ಲಿ ಮೀನಿಟ್ಟಿದ್ದ ಗಾಜಿನ ತೊಟ್ಟಿಗಳ ನೆನಪೇ ಇರಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಹೋಗಿ ನೋಡಿದರೆ, ಕರೆಂಟಿಲ್ಲದೆ ನೀರಿಗೆ ಗಾಳಿ ಊದುವ ಪಂಪು ನಿಂತಿತ್ತು. ಹೆಚ್ಚಿನ ಮೀನುಗಳು ಸತ್ತಿದ್ದವು. ಹದಿಮೂರು ಮಾತ್ರ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಇವನ್ನಾದರೂ ಮನೆ ಸೇರಿಸಬೇಕು ಎನಿಸಿತು.

ಆತುರಪಟ್ಟು ಎರಡನ್ನು ಚೊಂಬಿನಲ್ಲಿ ಒಯ್ದು ದಡದಲ್ಲೇ ಬಿಟ್ಟೆ. ಮಳೆಯ ಕೆಂಪು ನೀರು ಹರಿದು ಅಲ್ಲಿ ಉಪ್ಪೇ ಉಳಿದಿರಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಹೊಟ್ಟೆ ಮೇಲಾದವು. ಮೀನು ಕೊಂದು ಬದುಕಿದವನಿಗೆ ಮೀನನ್ನು ಬದುಕಿಸುವುದು ತಿಳಿದಿರಲಿಲ್ಲ.

ಮರಳಿ ಬಂದು ತೊಟ್ಟಿಯ ಪಕ್ಕ ಕೂತೆ. ಚೊಂಬಿನಲ್ಲಿ ಮೊಗೆದು ಎತ್ತರದಿಂದ ಸುರಿದರೆ ನೀರಿಗೆ ಗಾಳಿ ಸೇರುತ್ತದೆ. ಒಂದು ಚೊಂಬಿಗೆ ಒಂದು ಸಲ ದೇವರ ಹೆಸರು. ನಾಲ್ಕು ದಿನ ಇದೇ ಕೆಲಸ. ಜೊಂಪು ಹತ್ತಿದಾಗ ದೋಣಿಯವನ ಹೆಂಡತಿ ಚೊಂಬು ಹಿಡಿಯುತ್ತಿದ್ದಳು.

“ಸ್ವಲ್ಪ ಊಟ ಮಾಡಿ ದೊಡ್ಡಣ್ಣಾ,” ಎಂದ ದೋಣಿಯವನು. “ನೀವೂ ಹೊರಟುಬಿಟ್ರೆ ಇವನ್ನ ನಾನು ಸಾಕ್ಬೇಕಾಗುತ್ತೆ.”

“ನೀನಾ? ಸಂಜೆಗೇ ಬಾಣಲೆಗೆ ಹಾಕ್ತೀಯ.”

ಆಡಿದ ಮೇಲೆ, ಈ ಮಾತಿಗೆ ನಗಬೇಕಾದವನು ಇಲ್ಲವೆಂಬುದು ನೆನಪಾಗಿ, ಮತ್ತೆ ಚೊಂಬು ಕೈಗೆತ್ತಿಕೊಂಡೆ.

ಐದನೆಯ ದಿನ ಸಮುದ್ರ ತಿಳಿಯಾಯಿತು. ದೋಣಿಯವನು ಹವಳದ ದಿಬ್ಬದವರೆಗೆ ಕರೆದೊಯ್ದ. ಮೀನು ತುಂಬಿ ತಂದಿದ್ದ ಬಕೆಟ್ಟನ್ನು ನೀರಿಗಿಳಿಸಿ, ಒಳಗಿನ ನೀರೂ ಹೊರಗಿನ ನೀರೂ ನಿಧಾನವಾಗಿ ಬೆರೆಯುವವರೆಗೆ ಕಾದು, ಓರೆ ಮಾಡಿದೆ. ಹಳದಿಯವು, ನೀಲಿಯವು, ಕೊನೆಗೆ ಪಟ್ಟೆಯದೊಂದು ಹವಳದ ಸಂದಿಗೆ ಸರಿದು ಕಾಣದಾದವು. ಹನ್ನೊಂದೂ ಹೋದವು. ದೋಣಿಯವನು ಮುಖ ಆಚೆ ತಿರುಗಿಸಿಕೊಂಡ. ನಾನು ಕೈ ಮುಗಿದೆ.

ದೇವರೇ, ಅವನದು ಪಾಪವಾಗಿದ್ದರೆ ಅದು ನನ್ನ ತಲೆಗಿರಲಿ. ಸಿಟ್ಟಿನಲ್ಲಿ ನಾನಾಡಿದ ಮಾತನ್ನು ಅವನು ಜೊತೆಗೆ ಒಯ್ದಿದ್ದರೆ, ನೀನೇ ಅದನ್ನು ಅವನಿಂದ ಇಳಿಸಿಕೊ. ನನ್ನ ತಮ್ಮನಿಗೆ ಶಾಂತಿ ಕೊಡು.