ಇಡ್ಲಿ ಪಾತ್ರೆಯ ಕೆಳಗೊಂದು ತಾಮ್ರದ ಸುರುಳಿ

ನಾನು ತಾಮ್ರದ ಸುರುಳಿ. ಹವ್ಯಾಸಿಗಳು ಊರೂರಿನವರೊಡನೆ ಮಾತಾಡುವ ಹ್ಯಾಮ್ ರೇಡಿಯೊದ ದನಿಗೆ ಬಲ ತುಂಬುವ ಆಂಪ್ಲಿಫೈಯರ್‌ನಲ್ಲಿ ಕೂತು, ಆ ಬಲವನ್ನು ಏರಿಯಲ್‌ಗೆ ದಾಟಿಸುವುದು ನನ್ನ ಕೆಲಸ. ಹುಟ್ಟಿದ್ದು ದಾವಣಗೆರೆಯಲ್ಲಿ, ಒನಕೆಯ ಮೇಲೆ. ಫ್ರಿಜ್ ರಿಪೇರಿಯವರಲ್ಲಿ ಉಳಿದಿದ್ದ ಕೊಳವೆಯನ್ನು ದ್ರಾಕ್ಷಾಯಣಮ್ಮ ತಂದು, ಬಗ್ಗಿಸುವಾಗ ಚಪ್ಪಟೆಯಾಗದಿರಲೆಂದು ಮರಳು ತುಂಬಿ, ಒನಕೆಗೆ ಸುತ್ತಿದರು. ಚಂದವಿದ್ದೆ, ಸುಳ್ಳೇಕೆ ಹೇಳಲಿ?

ಅವರ ಯಜಮಾನರು ಕೊಟ್ರೇಶಪ್ಪನವರಿಗೆ ಮಾತ್ರ ನನ್ನನ್ನು ಕಂಡರಾಗದು. ಗಂಡಹೆಂಡತಿ ಇಬ್ಬರಿಗೂ ಲೈಸೆನ್ಸ್ ಇತ್ತು. ಆದರೂ ಮೈಕು ಸದಾ ಗಂಡನ ಕೈಯಲ್ಲೇ.

"ಇಷ್ಟು ದಪ್ಪದ್ದನ್ನ ಎಲ್ಲಿ ಕೂರಿಸ್ತೀಯ? ಪೆಟ್ಟಿಗೆ ಮುಚ್ಚಳನೇ ಕೂರಲ್ಲ" ಎಂದು ಅವರು ಬಳೆಯಾಕಾರದ ಕೋರ್‌ಗೆ ತಂತಿ ಸುತ್ತಿದ ಪುಟ್ಟ ಸುರುಳಿಯನ್ನು ಹಾಕಿದರು.

ಆ ವಾರ ದೂರದ ಸಾಗರದ ನಿರ್ಜನ ದ್ವೀಪವೊಂದರಲ್ಲಿ ಹ್ಯಾಮ್‌ಗಳ ತಂಡವೊಂದು ಬೀಡುಬಿಟ್ಟಿತ್ತು. ಅವರು ಹೊರಟರೆ ಅಲ್ಲಿಂದ ಮತ್ತೆ ದನಿ ಬರಲು ಎಷ್ಟು ವರ್ಷವೋ. ಲೈಸೆನ್ಸಿನ ಜೊತೆ ಸಿಕ್ಕ ಗುರುತಿನ ಅಕ್ಷರಗಳನ್ನು, ತನ್ನದೇ ಕಾಲ್ ಸೈನನ್ನು ಹೇಳಿ ಆ ದ್ವೀಪವನ್ನು ಮಾತಾಡಿಸಬೇಕೆಂದು ದ್ರಾಕ್ಷಾಯಣಮ್ಮನಿಗೆ ಬಲು ಆಸೆ. ನನ್ನನ್ನು ಸುತ್ತುವಾಗ ಅದನ್ನೇ ಗೊಣಗಿಕೊಳ್ಳುತ್ತಿದ್ದರು. ಗಂಡನ ಮುಂದೆ ಮಾತ್ರ ಬಾಯಿ ಬಿಟ್ಟಿರಲಿಲ್ಲ.

ಕೊಟ್ರೇಶಪ್ಪ ಕರೆದದ್ದೇ ಕರೆದದ್ದು. ಅವರ ಪುಟ್ಟ ಸುರುಳಿ ಕಾದು ಕಮರು ವಾಸನೆ ಹೊಡೆಯಿತು, ದ್ವೀಪ ಉತ್ತರ ಕೊಡಲಿಲ್ಲ. ಒಲ್ಲದ ಮನಸ್ಸಿನಿಂದ ನನ್ನನ್ನು ಪೆಟ್ಟಿಗೆಗೆ ತುರುಕಿ, ಮುಚ್ಚಳ ಅದುಮಿ ತಿರುಪು ಬಿಗಿದರು. ತಲೆಗೆ ತಗಡು ತಾಗುವಂತಿದ್ದರೆ ನಾನೇನು ಮಾಡಲಿ? ಅರ್ಧ ಬಲ ತಗಡಿನ ಪಾಲಾಯಿತು, ದ್ವೀಪಕ್ಕೆ ದನಿ ಮುಟ್ಟಲಿಲ್ಲ.

"ನೋಡ್ದ್ಯಾ? ನಿನ್ನ ಸುರುಳಿನೂ ಇಷ್ಟೇ" ಎಂದರು. ನನಗೆ ಮೈಯೆಲ್ಲ ಉರಿಯಿತು.

"ಸುರುಳಿದೇನೂ ತಪ್ಪಿಲ್ರೀ. ಸುತ್ತ ಅದರ ಅಗಲದಷ್ಟಾದ್ರೂ ಜಾಗ ಬೇಕು."

"ಹಂಗಂತ ಮುಚ್ಚಳ ತೆಗೆದಿಡಕ್ಕಾಗತ್ತಾ? ಸಾವಿರಾರು ವೋಲ್ಟ್ ಐತಿ ಒಳಗೆ!"

"ಮುಚ್ಚಳ ಬ್ಯಾಡ ಅಂದೋರ್ಯಾರು?"

ದ್ರಾಕ್ಷಾಯಣಮ್ಮ ಅಡುಗೆಮನೆಗೆ ಹೋಗಿ ದೊಡ್ಡ ಅಲ್ಯೂಮಿನಿಯಂ ಇಡ್ಲಿ ಪಾತ್ರೆ ತಂದರು. ಕಾವು ಹೋಗಲೆಂದು ಅದಕ್ಕೆ ಸಣ್ಣ ತೂತು ಕೊರೆದರು. ಪೆಟ್ಟಿಗೆಯ ಮುಚ್ಚಳವನ್ನು ನಡುವೆ ಕತ್ತರಿಸಿ ನನ್ನನ್ನು ಮೇಲಕ್ಕೆತ್ತಿ ನಿಲ್ಲಿಸಿ, ಪಾತ್ರೆಯನ್ನು ಬೋರಲು ಹಾಕಿ ತಿರುಪು ಬಿಗಿದರು.

"ನಾಳೆ ತಿಂಡಿಗೆ?" ಕೊಟ್ರೇಶಪ್ಪ ಕಂಗಾಲಾದರು.

"ಮಂಡಕ್ಕಿ ಒಗ್ಗರಣೆ."

ಮರುದಿನ ಸಂಜೆಗೆ ದ್ವೀಪದವರು ಗಂಟುಮೂಟೆ ಕಟ್ಟುವವರಿದ್ದರು. ಅಂದು ರಾತ್ರಿಯೇ ಕೊಟ್ರೇಶಪ್ಪ ಗುಂಡಿ ತಿರುಗಿಸಿದರು. ಏರಿಯಲ್‌ಗೆ ಹೋಗುವ ಬಲ ತೋರಿಸುವ ಮೀಟರಿನ ಮುಳ್ಳು ಏರಿತು, ಏರಿದಲ್ಲೇ ನಿಂತಿತು. ನಾನು ಬೆಚ್ಚಗೂ ಆಗಲಿಲ್ಲ. ಅವರು ಮೈಕು ಎತ್ತಿಕೊಂಡರು. ಪಾತ್ರೆಯನ್ನು ನೋಡಿದರು, ಹೆಂಡತಿಯನ್ನು ನೋಡಿದರು.

"ತಗೋ. ನಿನ್ನ ಕಾಲ್ ಸೈನಲ್ಲೇ ಕರಿ."

ದ್ರಾಕ್ಷಾಯಣಮ್ಮ ಮೈಕು ತೆಗೆದುಕೊಂಡು ಕರೆದರು. ಮೊದಲ ಸಲ ಬೇರೆಯವರ ಕರೆಗಳ ನಡುವೆ ದನಿ ಕಳೆದುಹೋಯಿತು. ಎರಡನೇ ಸಲಕ್ಕೆ ದ್ವೀಪವು ಆಕೆಯ ಕಾಲ್ ಸೈನನ್ನು ಒಂದೊಂದೇ ಅಕ್ಷರವಾಗಿ ತಿರುಗಿ ಹೇಳಿತು. ಆಕೆ ಅತ್ತರು. ನನಗೂ ಹಿಗ್ಗು ತಡೆಯಲಾಗಲಿಲ್ಲ.

ಈಗ ಮನೆಗೆ ಹೊಸ ಆಂಪ್ಲಿಫೈಯರ್ ಬಂದಿದೆ. ನಾನು ಕಪ್ಪಾಗಿ ಕಪಾಟಿನಲ್ಲಿದ್ದೇನೆ. ಬೇಸರವೇನಿಲ್ಲ, ದುಡಿಯುವಾಗ ಚೆನ್ನಾಗಿ ದುಡಿದೆ. ಇಲ್ಲಿಂದ ರೇಡಿಯೊದ ಮೇಜು ಚೆನ್ನಾಗಿ ಕಾಣುತ್ತದೆ. ಸಂಜೆಯಾದರೆ ಕೊಟ್ರೇಶಪ್ಪ ಅದರ ಪಕ್ಕ ಕುರ್ಚಿ ಎಳೆದುಕೊಂಡು ಕಾಯುತ್ತಾರೆ.

"ನಂದೂ ಎರಡು ಮಾತೈತಿ. ಮೈಕು ಕೊಡ್ತೀಯಾ?"

"ಇರ್ರೀ, ಜಪಾನಿನೋರು ನನ್ನ ಕರೀತಿದಾರೆ."