ಎರಡು ಸಾವಿರದ ಎಂಟುನೂರರ ಖೋಲಿ

ಗಂಡ ತೀರಿಕೊಂಡ ಮೇಲೆ ಶಿವಕಾಂತಾ ಮಗಳು ಪಲ್ಲವಿಯ ಜೊತೆ ನಿಂಬರ್ಗಾದ ಅಣ್ಣನ ಮನೆಯಲ್ಲಿದ್ದಳು. ಅವಳಿಗೆ ಆಳಂದದ ಒಂದು ದಾಲ್‌ಮಿಲ್ಲಿನಲ್ಲಿ ಬಿಲ್ಲು ಬರೆಯುವ ಕೆಲಸ, ಪಗಾರ ಹನ್ನೆರಡೂವರೆ ಸಾವಿರ. ಬಸ್ಸು ಹಿಡಿದು ಊರು ಸೇರುವಷ್ಟರಲ್ಲಿ ಪಲ್ಲವಿಯ ಓದುಬರಹ ಮುಗಿದಿರುತ್ತಿತ್ತು. ಒಂದು ಭಾನುವಾರ ಮಗಳ ಶಾಲೆಯ ಡೈರಿ ತೆರೆದು ನೋಡಿದರೆ, ಎರಡು ತಿಂಗಳಿಂದ ತಾಯಿಯ ಸಹಿ ಇರಬೇಕಾದಲ್ಲೆಲ್ಲ ಅತ್ತಿಗೆಯ ಸಹಿ. ಆಳಂದದಲ್ಲೇ ಮನೆ ಮಾಡುವುದೆಂದು ಅವಳು ಅಂದೇ ನಿಶ್ಚಯಿಸಿದಳು.

"ಹೆಣ್ಮಕ್ಕಳಿಗಿ ಬಸ್ ಫ್ರೀ ಅದ. ಸುಮ್ನ ಬಾಡಗಿ ಯಾಕ ಕಟ್ಟತಿ?" ಎಂದ ಅಣ್ಣ ಧರ್ಮರಾಜ.

"ಬಸ್ಸಿನ ರೊಕ್ಕದ ಸಲುವಾಗಲ್ಲಣ್ಣ, ಹೊತ್ತಿನ ಸಲುವಾಗಿ."

ಅವನೇ ಒಂದು ಮನೆ ನೋಡಿ ಬಂದ. ಎರಡು ಕೋಣೆ, ನಲ್ಲಿ, ಬಾಡಿಗೆ ನಾಲ್ಕೂವರೆ ಸಾವಿರ. "ಕಮ್ಮಿ ಬಿದ್ದದ್ದು ನಾ ಹಾಕತೀನಿ ಬಿಡು."

ಶಿವಕಾಂತಾ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕಿದಳು. ಕಿರಾಣಿಗೆ ನಾಲ್ಕು ಸಾವಿರದ ಇನ್ನೂರು. ಅಣ್ಣನ ಹೊಲದ ಜೋಳ ಬರಬಹುದೆಂದು ನೆಚ್ಚಿ ಅದನ್ನು ಕಡಿಮೆ ಮಾಡಲಿಲ್ಲ. ಗ್ಯಾಸು, ಕರೆಂಟು, ಹಾಲಿಗೆ ಎರಡು ಸಾವಿರದ ನೂರು. ಶಾಲೆಗೆ ಸಾವಿರದ ಎಂಟುನೂರು. ಔಷಧ, ಬಟ್ಟೆ, ಫೋನಿಗೆ ಸಾವಿರದ ನೂರು. ಜಡ್ಡು ಬಿದ್ದರೆ ಬೇಕೆಂದು ಐನೂರು ಎತ್ತಿಟ್ಟಳು. ಉಳಿದದ್ದು ಎರಡು ಸಾವಿರದ ಎಂಟುನೂರು.

"ಇಷ್ಟರಾಗ ಎಲ್ಲಿ ಸಿಗತದ?" ಧರ್ಮರಾಜ ನಕ್ಕ. "ನಾ ಕೊಡತೀನಿ ಅಂದೇನಲ್ಲ?"

"ನೀ ಕೊಟ್ರ ಅದು ನಿನ್ನ ಮನಿನೇ ಆಗತದ. ನಿನ್ನ ಮನ್ಯಾಗ ಈಗೂ ಇದ್ದೀನಿ."

ಅವನು ಎದ್ದು ಅಂಗಳಕ್ಕೆ ಹೋದ. 

ಮಿಲ್ಲಿನ ಹಿಂದಿನ ಓಣಿಯಲ್ಲಿ ಪ್ಯಾರಿಬಿ ಎಂಬ ಮುದುಕಿಯ ಮನೆಯಿತ್ತು. ಬಾಡಿಗೆಗಿದ್ದ ಮುಂದಿನ ಖೋಲಿಗೆ ಅವಳು ಮೂರೂವರೆ ಸಾವಿರ ಹೇಳಿದಳು.

"ಎರಡು ಸಾವಿರದ ಎಂಟುನೂರಕಿಂತ ಒಂದು ರೂಪಾಯಿ ಜಾಸ್ತಿ ಕೊಡಾಕ ಆಗಲ್ರಿ," ಎಂದಳು ಶಿವಕಾಂತಾ.

"ಇದೆಂಥಾ ಲೆಕ್ಕ? ಮೂರು ಅನ್ನು, ಎರಡೂವರಿ ಅನ್ನು."

"ಮೂರು ಅಂದ್ರ ದೀಪಾವಳಿ ಬರೂದರಾಗ ಬಾಡಗಿ ಬಾಕಿ ಇಡಬೇಕಾಗತದ್ರಿ."

ಪ್ಯಾರಿಬಿ ಹಿತ್ತಲ ಖೋಲಿಯ ಬಾಗಿಲು ತೆಗೆದಳು. ಮೇಲೆ ತಗಡು, ನೀರು ಹೊರಗಿನ ತೊಟ್ಟಿಯಿಂದ. "ಇದಾದ್ರ ಕೊಡತೀನಿ. ಬ್ಯಾಸಗ್ಯಾಗ ಸುಡತದ, ಈಗೇ ಹೇಳೀನಿ."

ಮರುತಿಂಗಳ ಒಂದನೇ ತಾರೀಖು ತಾಯಿ ಮಗಳು ಸಾಮಾನು ತಂದರು.

ಮಾರ್ಚಿನಲ್ಲಿ ಧರ್ಮರಾಜ ಮೊದಲ ಸಲ ಬಂದ. ಬಾಗಿಲಲ್ಲೇ ನಿಂತು ತಗಡು ನೋಡಿದ, ಅಂಗಿಯ ಗುಂಡಿ ಬಿಚ್ಚಿಕೊಂಡ.

"ಭಾಳ ಸೆಕಿ ಅದಲ್ಲ?"

"ಅದ."

ಒಳಗೆ ಪಲ್ಲವಿ ನೆಲದ ಮೇಲೆ ಕುಳಿತು ಮಗ್ಗಿ ಬರೆಯುತ್ತಿದ್ದಳು. ಅವನು ಚಪ್ಪಲಿ ಬಿಟ್ಟು ಒಳಗೆ ಬಂದು ಅವಳ ಪಕ್ಕ ಕುಳಿತ. ಶಿವಕಾಂತಾ ಫ್ಯಾನನ್ನು ಅವನ ಕಡೆ ತಿರುಗಿಸಿ ಚಹಕ್ಕೆ ನೀರಿಟ್ಟಳು.