ಕೆಮ್ಮಬಾರದ ದಿನ

"ಇವತ್ತು ಒಬ್ರೂ ಕೆಮ್ಮಬಾರ್ದು. ಕೆಮ್ಮಿದ ಬೋಳಿಮಕ್ಳು ನಾಳೆಯಿಂದ ಕೆಲ್ಸಕ್ಕೆ ಬರೋದೇ ಬೇಡ."

ಮೇಸ್ತ್ರಿ ಹೀಗೆ ಅಪ್ಪಣೆ ಕೊಡಿಸುವಾಗ ಕಲ್ಲು ಪುಡಿ ಮಾಡುವ ಯಂತ್ರ ನಿಂತು ಎರಡು ದಿನವಾಗಿತ್ತು. ಮಾಲೀಕನ ಮಗಳ ಮದುವೆಗೂ ನಿಲ್ಲದ ಯಂತ್ರ ಅದು. ಆಳುಗಳಿಗೆ ದಿನಕ್ಕೆರಡು ಕೊಡ ನೀರು ಕೊಡಲು ಮುಖ ಸಿಂಡರಿಸುವವನು ನೆಲಕ್ಕೆ ಮೂರು ಟ್ಯಾಂಕರ್ ಕುಡಿಸಿದ್ದ. ಗಿಡಗಳ ಎಲೆ ಕೂಡ ತೊಳೆಸಿದ್ದ. ಅವು ಹಸಿರು ಬಣ್ಣದವು ಎಂದು ಬೂದಕ್ಕನಿಗೆ ಗೊತ್ತಾದದ್ದು ಅವತ್ತೇ.

ಜಲ್ಲಿ ಹೊತ್ತು ಹೊತ್ತು ಮೈಯೆಲ್ಲ ಬೂದಿ ಬಣ್ಣವಾದ್ದರಿಂದ ಅವಳು ಬೂದಕ್ಕ. ಸ್ವಂತ ಹೆಸರು ಕೇಳಿದರೆ ಒಂದು ಗಳಿಗೆ ಯೋಚಿಸುತ್ತಿದ್ದಳು. ಅವಳ ಗಂಡನನ್ನು ಬೆಳಿಗ್ಗೆಯೇ ಲಾರಿ ಹತ್ತಿಸಿ ದೂರ ಸಾಗಿಸಿದ್ದರು. ಅವನ ಕೆಮ್ಮು ಯಾರ ಅಪ್ಪಣೆಗೂ ಜಗ್ಗುವಂಥದಲ್ಲ.

ಇಷ್ಟೆಲ್ಲ ಯಾಕೆಂದರೆ, ಕೆಲಸದವರ ಶೆಡ್ಡುಗಳ ಬೆನ್ನಿಗೇ ಎರಡನೇ ಯಂತ್ರ ಬರಬೇಕಿತ್ತು. ಅದಕ್ಕೆ ಗಾಳಿ ಶುದ್ಧವಿದೆ ಎಂಬ ವರದಿ ಬೇಕು. ಅಳೆಯಲು ಇಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರು ತನ್ನ ಕ್ಲಾಸನ್ನೇ ಕರೆತಂದಿದ್ದ. ಅದರಲ್ಲಿ ಬೂದಕ್ಕನ ಮಗಳೂ ಇದ್ದಳು.

"ನನ್ನ ಕಂಡ್ರೆ ಮಾತಾಡಿಸ್ಬೇಡ. ನಿನ್ನ ಮಾರ್ಕು ಅವರ ಕೈಲಿದೆ," ಎಂದು ತಾಯಿಯೇ ಹೇಳಿ ಕಳಿಸಿದ್ದಳು. ಮಗಳು ತಲೆ ತಗ್ಗಿಸಿ ಅಳತೆಯ ಪೆಟ್ಟಿಗೆಗೆ ಬಿಳಿ ಕಾಗದ ಹಾಕಿದಳು. ಪೆಟ್ಟಿಗೆ ಗಾಳಿ ಎಳೆಯುತ್ತದೆ, ಧೂಳು ಕಾಗದದ ಮೇಲೆ ಕೂರುತ್ತದೆ.

"ಎಂಥಾ ಗಾಳಿ ನೋಡಿ. ಅಡ್ಡಿಯಿಲ್ಲ ಅಂತ ಬರ್ಕೊಳ್ಳಿ," ಎಂದ ಮೇಷ್ಟ್ರು.

"ಅಳತೆ ಇನ್ನೂ ಮುಗಿದಿಲ್ಲ ಸಾರ್," ಎಂದಳು ಮಗಳು.

"ಮುಗಿದ್ರೂ ಅದೇ ಬರೋದು."

"ಹತ್ತಿರದ ಜನವಸತಿ?" ಅವಳು ವರದಿಯ ಮುಂದಿನ ಸಾಲು ಓದಿದಳು.

"ಸೊನ್ನೆ ಹಾಕಮ್ಮ. ಶೆಡ್ಡನ್ನ ಯಾರಾದ್ರೂ ಮನೆ ಅಂತಾರಾ?"

ಮಗಳ ಪೆನ್ನು ನಿಂತಿತು. ಹುಟ್ಟಿದ ಜಾಗಕ್ಕೆ ಸೊನ್ನೆ ಬರೆಯಲು ಅವಳಿಗೆ ಕೈ ಬರಲಿಲ್ಲ. ನೆಲ ತೋಯಿಸುತ್ತಿದ್ದ ಬೂದಕ್ಕ ಅದನ್ನು ಕಂಡಳು. ನೀರಿನ ಪೈಪು ಬಿಸಾಕಿ ನೆಟ್ಟಗೆ ಬಂದವಳೇ ಪಿನ್ನು ಕಿತ್ತು ಬಳೆಗೆ ಸಿಕ್ಕಿಸಿ, ತಲೆವಸ್ತ್ರ ಬಿಚ್ಚಿ ಪೆಟ್ಟಿಗೆಯ ಮುಂದೆ ಪಟಪಟ ಕೊಡವಿದಳು.

"ಏ ಮುಂಡೇದೆ, ತಲೆ ಕೆಟ್ಟಿದ್ಯಾ?" ಮೇಸ್ತ್ರಿ ಓಡಿಬಂದ.

"ಕೆಮ್ಮಬಾರ್ದು ಅಂದ್ರಿ. ಕೊಡವಬಾರ್ದು ಅನ್ಲಿಲ್ವಲ್ಲ."

"ಇದು ಗಾಳಿಯ ಧೂಳಲ್ಲಮ್ಮ, ಬಟ್ಟೇದು," ಎಂದು ಮೇಷ್ಟ್ರು ತಿಳಿಹೇಳಿದ.

"ನಾನೇನು ಪೌಡ್ರು ಹಚ್ಕೊಂಡು ಬಂದಿದೀನಾ ಸ್ವಾಮಿ?"

ಅಷ್ಟರಲ್ಲಿ ಉಳಿದ ಹೆಂಗಸರೂ ಬಂದು ಒಬ್ಬೊಬ್ಬರಾಗಿ ತಲೆವಸ್ತ್ರ ಕೊಡವತೊಡಗಿದರು. ತಡೆಯಲು ನಡುವೆ ನುಗ್ಗಿದ ಮೇಸ್ತ್ರಿಯ ಗಂಟಲಿಗೆ ಧೂಳು ಹೊಕ್ಕು ಅವನು ಸೊಂಟ ಬಗ್ಗಿಸಿ ಕೆಮ್ಮಿದ. ನಿಲ್ಲಿಸಲು ನೋಡಿದಷ್ಟೂ ಕೆಮ್ಮಿದ.

"ನಾಳೆಯಿಂದ ಬರ್ಬೇಡಿ ಮೇಸ್ತ್ರಿ," ಎಂದಳು ಒಬ್ಬಳು.

ಮೇಷ್ಟ್ರ ಮುಖ ಬಿಗಿಯಿತು. "ಆ ಕಾಗದ ಬಿಸಾಕಿ ಹೊಸದು ಹಾಕು. ನಿಂಗೆ ಪಾಸಾಗ್ಬೇಕಲ್ವಾ?"

ಮಗಳು ಕಾಗದ ತೆಗೆದಳು. ಅದು ಅಮ್ಮನ ಬಣ್ಣಕ್ಕೆ ತಿರುಗಿತ್ತು. ಅವಳು ಅದನ್ನು ಬಿಸಾಕಲಿಲ್ಲ. ಶೆಡ್ಡಿನವರನ್ನೆಲ್ಲ ಲೆಕ್ಕ ಹಿಡಿದು ಜನವಸತಿಯ ಮುಂದೆ ನಲವತ್ತೊಂದು ಎಂದು ಬರೆದಳು. ಯಂತ್ರ ನಿಂತಿತ್ತು, ನೆಲ ತೋಯಿಸಿದ್ದರು, ಧೂಳು ಹೆಂಗಸರ ತಲೆಯದು ಎಂದು ಷರಾ ಬರೆದಳು.

"ನಲವತ್ತೊಂದು ಯಾರು?" ಮೇಷ್ಟ್ರು ಗದರಿದ.

ಅವಳು ಕಾಗದವನ್ನು ವರದಿಗೆ ಒತ್ತಿ ಹಿಡಿದು ಬೂದಕ್ಕನ ಕಡೆ ತಿರುಗಿದಳು.

"ಅಮ್ಮ, ಒಂದು ಪಿನ್ನು ಕೊಡು."